ಲಿವರ್ ಆಕ್ಷನ್ ರೈಫಲ್: ಕೋವಿ ಆಮೇಲೆ, ಮೊದಲು ತೋಟಾ ಆರಿಸಿ

ಪ್ರಶ್ನೆ: ಸರ್, ನಾನು ಸಕಲೇಶಪುರದ ಕಡೆಯವನು. ಈಗ ಟೆಕ್ಸಾಸ್‌ನ ಆಸ್ಟಿನ್ ಹತ್ತಿರ ಇದ್ದೇನೆ, ಹೋದ ವರ್ಷ ಗ್ರೀನ್ ಕಾರ್ಡ್ ಬಂತು. ಊರಲ್ಲಿ ತಾತನ ಜೋಡುನಳಿಗೆ ಕೋವಿ ಬಿಟ್ಟರೆ ಬೇರೇನೂ ಮುಟ್ಟಿದವನಲ್ಲ. ಇಲ್ಲಿ ಗೆಳೆಯನ ಲಿವರ್ ಆಕ್ಷನ್ ರೈಫಲ್ ಒಂದು ಸಲ ಹೊಡೆದೆ, ಅವತ್ತಿನಿಂದ ಅದೇ ತಲೆಯಲ್ಲಿ ಕೂತಿದೆ. ತಿಂಗಳಿಗೆ ಎರಡು ಸಲ ಗುರಿ ಹೊಡೆಯುವ ರೇಂಜಿಗೆ ಹೋಗುತ್ತೇನೆ, ಹೆಂಡತಿಯೂ ಬರುತ್ತಾಳೆ. ಚಳಿಗಾಲದಲ್ಲಿ ಒಂದೆರಡು ಸಲ ಗೆಳೆಯನ ಜಮೀನಿನಲ್ಲಿ ಹಂದಿ ಬೇಟೆ. ಮಾರ್ಲಿನ್ 336, ವಿಂಚೆಸ್ಟರ್ 94, ಹೆನ್ರಿ, ಈ ಮೂರರಲ್ಲಿ ಯಾವುದು ತಗೊಳ್ಳಲಿ? ಗೆಳೆಯ .45-70 ತೋಟಾದ್ದು ತಗೋ ಅನ್ನುತ್ತಾನೆ. ಇಲ್ಲಿನ ಗಿರವಿ ಅಂಗಡಿಯಲ್ಲಿ ಹಳೆಯ 336 ಒಂದು 650 ಡಾಲರಿಗೆ ಇದೆ, .30-30. ಸೀರಿಯಲ್ ನಂಬರ್ 22ರಿಂದ ಶುರುವಾಗುತ್ತದೆ. ನನ್ನ ಬಜೆಟ್ 1,300 ಡಾಲರ್. ಸ್ಕೋಪ್ ಬೇಕಾ ಅಂತಲೂ ಹೇಳಿ.

ಉತ್ತರ: ಪ್ರಶ್ನೆ ಓದಿ ನಗು ಬಂತು. ಇಪ್ಪತ್ತು ವರ್ಷದ ಹಿಂದೆ ನಾನೂ ಹೀಗೆಯೇ ಕೇಳಿದ್ದೆ. ಮೂರು ಕೋವಿಯ ಹೆಸರು ಬರೆದಿದ್ದೀರಿ, ನಿಮಗೆ ಯಾವ ತೋಟಾ ಬೇಕು ಅಂತ ಒಂದು ಕಡೆಯೂ ಬರೆದಿಲ್ಲ. ಅದರ ಬಗ್ಗೆ ಯೋಚನೆ ಮಾಡಿದವನು ನಿಮ್ಮ ಗೆಳೆಯ ಒಬ್ಬನೇ, ಅದೂ ತಪ್ಪಾಗಿ.

ಲಿವರ್ ಆಕ್ಷನ್‌ನ ಮಜಾ ಇರುವುದು ಲಿವರ್ ಆಡಿಸುವುದರಲ್ಲಿ. ಬೆರಳುಗಳು ಆ ಕಬ್ಬಿಣದ ಬಳೆಯೊಳಗೆ ಇರುತ್ತವೆ. ಮುಂದಕ್ಕೆ ತಳ್ಳಿದರೆ ನಳಿಗೆಯ ಬುಡ ಮುಚ್ಚುವ ಬೋಲ್ಟ್ ಹಿಂದೆ ಸರಿದು ಖಾಲಿ ತೋಟಾವನ್ನು ಹೊರಗೆ ಎಸೆಯುತ್ತದೆ, ಹೋಗುವ ದಾರಿಯಲ್ಲೇ ಕುದುರೆಯನ್ನು, ಅಂದರೆ ಹ್ಯಾಮರನ್ನು, ಹಿಂದಕ್ಕೆ ಒತ್ತಿ ಕೂರಿಸುತ್ತದೆ, ಅಷ್ಟರಲ್ಲಿ ನಳಿಗೆ ಕೆಳಗಿನ ಕೊಳವೆಯಿಂದ ಹೊಸ ತೋಟಾ ಜಾರಿ ಒಂದು ಪುಟ್ಟ ತೊಟ್ಟಿಲಲ್ಲಿ ಬಂದು ಮಲಗುತ್ತದೆ. ವಾಪಸ್ ಎಳೆದರೆ ತೊಟ್ಟಿಲು ಮೇಲಕ್ಕೆ ಎತ್ತಿಕೊಡುತ್ತದೆ, ಬೋಲ್ಟ್ ಅದನ್ನು ನಳಿಗೆಗೆ ತಳ್ಳಿ ಬೀಗ ಹಾಕುತ್ತದೆ. ಇಷ್ಟೆಲ್ಲ ಅರ್ಧ ಸೆಕೆಂಡಿನ ಕೆಲಸ. ಕೋವಿಯನ್ನು ಭುಜದಿಂದ ಇಳಿಸುವುದೇ ಬೇಡ. ನಿಮ್ಮ ತಲೆಯಲ್ಲಿ ಕೂತಿರುವುದು ಇದೇ, ಅಲ್ವಾ?

ಹಾಗಾದರೆ ನಿಮಗೆ ಬೇಕಾಗಿರುವುದು ಜಾಸ್ತಿ ಹೊಡೆಯಬಹುದಾದ ಕೋವಿ. ಗೋಡೆಗೆ ನೇತುಹಾಕಿ ನೋಡುವುದು ಬೇರೆ ಹವ್ಯಾಸ, ಅದನ್ನು ಆಮೇಲೆ ನೋಡೋಣ.

ಈಗ ಲೆಕ್ಕ ಹಾಕಿ. ತಿಂಗಳಿಗೆ ಎರಡು ಸಲ, ಇಬ್ಬರು, ಒಬ್ಬೊಬ್ಬರಿಗೆ ಐವತ್ತು ಈಡು. ಇನ್ನೂರು ತೋಟಾ ಆಯಿತು. .357 ಕೋವಿಯಲ್ಲೂ ಹೊಡೆಯಬಹುದಾದ ಗಿಡ್ಡ ತೋಟಾ .38 ಸ್ಪೆಷಲ್, ಅದು ಒಂದಕ್ಕೆ ಸುಮಾರು ನಲವತ್ತೈದು ಸೆಂಟ್ ಅಂದುಕೊಂಡರೆ ತಿಂಗಳಿಗೆ 90 ಡಾಲರ್. .30-30 ಆದರೆ ಒಂದಕ್ಕೆ ಡಾಲರ್ ದಾಟುತ್ತದೆ, 250ರ ಹತ್ತಿರ ಹೋಗುತ್ತದೆ. .45-70ಗೆ ಒಂದಕ್ಕೆ ಎರಡೂವರೆ ಡಾಲರ್ ಇಟ್ಟುಕೊಳ್ಳಿ, ತಿಂಗಳಿಗೆ 500. ಬೆಲೆ ಊರಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಮೇಲೆ ಕೆಳಗೆ ಆಗುತ್ತದೆ, ಆದರೆ ಈ ಮೂರರ ನಡುವಿನ ಅಂತರ ಹಾಗೇ ಉಳಿಯುತ್ತದೆ. ಗೆಳೆಯನ ಮಾತು ಕೇಳಿದರೆ ಮೂರೇ ತಿಂಗಳಲ್ಲಿ ಕೋವಿಗಿಂತ ತೋಟಾಕ್ಕೆ ಜಾಸ್ತಿ ದುಡ್ಡು ಸುರಿದಿರುತ್ತೀರಿ. ಅದಕ್ಕಿಂತ ಹೆಚ್ಚಾಗಿ ನೀವು ಹಾಗೆ ಸುರಿಯುವುದಿಲ್ಲ. ಐದು ಈಡು ಹೊಡೆದು, ಭುಜ ಉಜ್ಜಿಕೊಂಡು, ಮನೆಗೆ ಬರುತ್ತೀರಿ. ನಿಮ್ಮ ಹೆಂಡತಿಯಂತೂ ಎರಡನೇ ಸಲ ರೇಂಜಿಗೇ ಬರುವುದಿಲ್ಲ.

.45-70 ಕೆಟ್ಟ ತೋಟಾ ಅನ್ನುತ್ತಿಲ್ಲ. 1873ರಲ್ಲಿ ಅಮೆರಿಕದ ಸೈನ್ಯಕ್ಕೆ ಬಂದದ್ದು. ಹೆಸರಿನಲ್ಲೇ ಜಾತಕ ಇದೆ: .45 ಅಳತೆಯ ಗುಂಡು, 70 ಗ್ರೇನ್ ಕರಿಮದ್ದು. ಗುಂಡಿನ ತೂಕ 405 ಗ್ರೇನ್, ಅಂದರೆ 26 ಗ್ರಾಂ. ಕರಡಿ ಇರುವ ಅಲಾಸ್ಕಾದಲ್ಲಿ ಅದನ್ನು ಹಿಡಿದು ಓಡಾಡುವವರಿಗೆ ಒಳ್ಳೆಯ ಕಾರಣ ಇದೆ. ಟೆಕ್ಸಾಸ್ ಹಂದಿಗೆ ಅಷ್ಟು ಬೇಕಾಗಿಲ್ಲ. ಇನ್ನೊಂದು ಕಿರಿಕಿರಿಯೂ ಇದೆ. ಇದೇ ಹೆಸರಿನ ತೋಟಾ ಮೂರು ಮಟ್ಟದ ಒತ್ತಡದಲ್ಲಿ ಬರುತ್ತದೆ. 1873ರ ಹಳೆ ಕೋವಿಗೆ ತಾಳುವ ಮೆದುವಿನದು, ಇವತ್ತಿನ ಮಾರ್ಲಿನ್ 1895 ಮಾದರಿಗೆ ತಾಳುವ ಗಟ್ಟಿಯದು, ಅದಕ್ಕೂ ಮೇಲಿನದು. ಎಲ್ಲವೂ ಒಂದೇ ನಳಿಗೆಯಲ್ಲಿ ಸಲೀಸಾಗಿ ಕೂರುತ್ತವೆ. ಡಬ್ಬಿ ಮೇಲೆ ಏನು ಬರೆದಿದೆ ಅಂತ ಓದದೆ ಹಳೆಯ ಕೋವಿಗೆ ಹಾಕಿದರೆ ಕೋವಿಯೂ ಹೋಗಬಹುದು, ಕೈಯೂ ಹೋಗಬಹುದು. ಮೊದಲ ಕೋವಿಗೆ ಈ ತಲೆನೋವು ಬೇಡ.

ಉಳಿದದ್ದು .30-30 ಮತ್ತು .357.

.30-30 ಬಂದದ್ದು 1895ರಲ್ಲಿ, ವಿಂಚೆಸ್ಟರ್ 94ಗಾಗಿ. ಹೊಗೆಯಿಲ್ಲದ ಮದ್ದು ತುಂಬಿದ ಮೊದಲ ಅಮೆರಿಕನ್ ಬೇಟೆ ತೋಟಾ ಅದು. 170 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 2,200 ಅಡಿ, 150 ಗ್ರೇನಿನದು 2,390ರ ಹತ್ತಿರ. ಇವತ್ತಿನ ಬೇರೆ ತೋಟಾಗಳ ಮುಂದೆ ಇದು ನಿಧಾನ. ಆದರೂ ಅಮೆರಿಕದ ಕಾಡುಗಳಲ್ಲಿ ನೂರಿಪ್ಪತ್ತೈದು ವರ್ಷಕ್ಕೂ ಮೇಲಿನಿಂದ ಜಿಂಕೆ ಬೀಳಿಸುತ್ತಾ ಬಂದಿದೆ. ನೂರೈವತ್ತು ಗಜದ ಒಳಗೆ ಹಂದಿಗೆ ಏನೂ ಕಮ್ಮಿಯಿಲ್ಲ.

.357 ಮ್ಯಾಗ್ನಂ ಮೂಲದಲ್ಲಿ ರಿವಾಲ್ವರ್ ತೋಟಾ. ಅದನ್ನು ಉದ್ದದ ನಳಿಗೆಗೆ ಹಾಕಿದರೆ ಸ್ವಭಾವವೇ ಬದಲಾಗುತ್ತದೆ. ರಿವಾಲ್ವರಿನಲ್ಲಿ 158 ಗ್ರೇನ್ ಗುಂಡು ಸೆಕೆಂಡಿಗೆ 1,250 ಅಡಿಯ ಆಸುಪಾಸಿನಲ್ಲಿ ಹೊರಡುತ್ತದೆ, 18-20 ಇಂಚಿನ ನಳಿಗೆಯಿಂದ 1,700 ದಾಟಿಬಿಡುತ್ತದೆ. ನೂರು ಗಜದ ಒಳಗೆ ಒಳ್ಳೆಯ ಗುಂಡು ಆರಿಸಿ, ಸರಿಯಾದ ಜಾಗಕ್ಕೆ ಹೊಡೆದರೆ ಹಂದಿ ಬೀಳುತ್ತದೆ. ಅದೇ ಕೋವಿಗೆ .38 ಸ್ಪೆಷಲ್ ಹಾಕಿದರೆ ಒದೆತ ಅನ್ನುವುದೇ ಇಲ್ಲ, ಸದ್ದೂ ಕಮ್ಮಿ. ಹಾಗಂತ ಕಿವಿ ಮುಚ್ಚದೆ ಹೊಡೆಯಬೇಡಿ. ಒಂದೇ ಕೋವಿಯಲ್ಲಿ ಹೆಂಡತಿಗೆ .38, ನಿಮಗೆ .357. ನಿಮ್ಮ ಕತೆಗೆ ಇದಕ್ಕಿಂತ ಹೊಂದುವುದು ನನಗಂತೂ ಕಾಣುತ್ತಿಲ್ಲ.

ಒಂದು ಮಾತು ಮರೆಯಬಾರದು. ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೆ ಒಂದು ಮಲಗಿರುತ್ತವೆ, ಹಿಂದಿನದರ ಮೂತಿ ಮುಂದಿನದರ ಕೇಪಿಗೆ, ಅಂದರೆ ಮದ್ದಿಗೆ ಕಿಡಿ ಕೊಡುವ ಬುಡದ ಬಿಲ್ಲೆಗೆ, ತಾಗಿಕೊಂಡು. ಚೂಪು ಮೂತಿಯ ಗುಂಡು ಹಾಕಿದರೆ ಒದೆತಕ್ಕೆ ಅದು ಮುಂದಿನ ಕೇಪನ್ನು ಕುಟ್ಟಿ ಕೊಳವೆಯೊಳಗೇ ಸಿಡಿಯುವ ಅಪಾಯ ಇದೆ. ಅದಕ್ಕೇ ಲಿವರ್ ಕೋವಿಯ ಗುಂಡಿನ ಮೂತಿ ಚಪ್ಪಟೆ. ಹಾರ್ನಡಿ ಕಂಪನಿ ರಬ್ಬರಿನಂಥ ಮೆತ್ತನೆ ತುದಿಯ ಗುಂಡು ತಂದ ಮೇಲೆ ಚೂಪು ಮೂತಿಯನ್ನೂ ಹಾಕಬಹುದು, ಆದರೆ ಆ ಮೆತ್ತನೆ ತುದಿಯದನ್ನು ಮಾತ್ರ.

ಸರಿ, ಈಗ ನೀವು ಕೇಳಿದ ಮೂರು.

ವಿಂಚೆಸ್ಟರ್ 94 ಜಾನ್ ಬ್ರೌನಿಂಗ್ ಮಾಡಿದ ವಿನ್ಯಾಸ. ಎಪ್ಪತ್ತು ಲಕ್ಷಕ್ಕೂ ಜಾಸ್ತಿ ಮಾಡಿದ್ದಾರೆ. ತೆಳ್ಳಗೆ, ಹಗುರ, ಮೂರು ಕಿಲೋ ಆಸುಪಾಸು. ಒಂದೇ ಕೈಯಲ್ಲಿ ರಿಸೀವರಿನ, ಅಂದರೆ ಬೋಲ್ಟ್ ಕೂರುವ ನಡುಭಾಗದ, ಕೆಳಗೆ ಹಿಡಿದು ಗುಡ್ಡ ಹತ್ತಿ ನೋಡಿ, ಇದಕ್ಕೆ ಯಾಕೆ ಇಷ್ಟು ಹೆಸರು ಅಂತ ಗೊತ್ತಾಗುತ್ತದೆ. ಲಿವರ್ ಪೂರ್ತಿ ತೆಗೆದರೆ ಹೊಟ್ಟೆಯ ತಳವೇ ಕಳಚಿ ಕೆಳಗೆ ಬಂದಂತೆ ಕಾಣುತ್ತದೆ, ಗಡಗಡ ಅಲ್ಲಾಡುತ್ತದೆ. ಹೆದರಬೇಡಿ, ಅದು ಹಾಗೆಯೇ. ಹಳೆಯವು ಖಾಲಿ ತೋಟಾವನ್ನು ನೆತ್ತಿಯ ಮೇಲಿಂದ ಎಸೆಯುತ್ತವೆ, ಹಾಗಾಗಿ ನಡುಮಧ್ಯೆ ಸ್ಕೋಪ್ ಕೂರಿಸಲು ಆಗುವುದಿಲ್ಲ. 1980ರ ದಶಕದ ಶುರುವಿನಲ್ಲಿ ಸ್ವಲ್ಪ ಓರೆಯಾಗಿ ಎಸೆಯುವ ಹಾಗೆ ಬದಲಾಯಿಸಿದರು. ಸಂಗ್ರಹ ಮಾಡುವವರ ಬಾಯಲ್ಲಿ 1964 ಅನ್ನುವ ವರ್ಷ ಪದೇ ಪದೇ ಬರುತ್ತದೆ. ಆ ವರ್ಷ ಖರ್ಚು ಇಳಿಸಲು ಒಳಗಿನ ಕೆಲವು ಭಾಗಗಳನ್ನು ಕಡೆದು ಮಾಡುವುದು ಬಿಟ್ಟು ತಗಡು ಒತ್ತಿ ಮಾಡತೊಡಗಿದರು. ಅದಕ್ಕೆ ಮೊದಲಿನದಕ್ಕೆ ಬೆಲೆ ಜಾಸ್ತಿ. ಆಮೇಲಿನದೂ ಚೆನ್ನಾಗಿಯೇ ಹೊಡೆಯುತ್ತದೆ, ಲಿವರ್ ಆಡಿಸಿದಾಗ ಸದ್ದು ಮಾತ್ರ ಡಬ್ಬ ಅಲ್ಲಾಡಿಸಿದಂತೆ. ನ್ಯೂಹೇವನ್‌ನ ಕಾರ್ಖಾನೆ 2006ರಲ್ಲಿ ನಿಂತಿತು. ಈಗ ಹೊಸದಾಗಿ ಬರುವುದು ಜಪಾನಿನ ಮಿರೊಕು ಮಾಡಿದ್ದು. ಕೆಲಸ ಬಹಳ ಅಚ್ಚುಕಟ್ಟು, ನನ್ನ ಲೆಕ್ಕದಲ್ಲಿ ಅಮೆರಿಕದಲ್ಲಿ ಕೊನೆಕೊನೆಗೆ ಮಾಡಿದ್ದಕ್ಕಿಂತ ಮೇಲು. ಬೆಲೆ ನಿಮ್ಮ ಬಜೆಟ್ಟಿನ ಅಂಚಿಗೆ ಬರುತ್ತದೆ. ಬಿಚ್ಚಿ ಜೋಡಿಸುವುದು ಮಾತ್ರ ದೊಡ್ಡ ತಾಪತ್ರಯ. ನಳಿಗೆಯನ್ನು ಮುಂದಿನ ಬಾಯಿಂದಲೇ ತೊಳೆಯಬೇಕು.

ಮಾರ್ಲಿನ್ 336 ಈ ಹೆಸರಲ್ಲಿ 1948ರಲ್ಲಿ ಬಂದದ್ದು, ಬೇರು 1893ರ ಮಾದರಿಯಲ್ಲಿದೆ. ರಿಸೀವರಿನ ನೆತ್ತಿ ಮುಚ್ಚಿದೆ, ಖಾಲಿ ತೋಟಾ ಬಲಗಡೆಯಿಂದ ಹಾರುತ್ತದೆ. ಸ್ಕೋಪ್ ನೇರ ಮೇಲೆ ಕೂರುತ್ತದೆ. ಲಿವರಿನ ಒಂದೇ ಒಂದು ಸ್ಕ್ರೂ ತೆಗೆದರೆ ಲಿವರ್ ಕೈಗೆ ಬರುತ್ತದೆ, ಬೋಲ್ಟ್ ಹಿಂದಕ್ಕೆ ಜಾರಿ ಬರುತ್ತದೆ, ನಳಿಗೆಯ ಒಳಗೆ ಬೆಳಕು ಕಾಣುತ್ತದೆ, ಹಿಂದಿನಿಂದಲೇ ಒರೆಸಬಹುದು. ಈ ಒಂದು ಸ್ಕ್ರೂಗಾಗಿಯೇ ನಾನು ಮಾರ್ಲಿನ್ ಪಕ್ಷ. ತೂಕ 94ಗಿಂತ ಸ್ವಲ್ಪ ಜಾಸ್ತಿ, ಮೂರೂಕಾಲು ಮೂರೂವರೆ ಕಿಲೋ. ಆ ತೂಕ ಒದೆತವನ್ನೂ ಸ್ವಲ್ಪ ನುಂಗುತ್ತದೆ.

ಹಳೆಯ ಮಾರ್ಲಿನ್ ಕೊಳ್ಳುವವರು ಮಾಲೀಕರು ಬದಲಾದ ಕತೆ ತಿಳಿದಿರಬೇಕು. ಕನೆಕ್ಟಿಕಟ್‌ನ ನಾರ್ತ್ ಹೇವನ್‌ನಲ್ಲಿ ಮಾಡುತ್ತಿದ್ದ ಕಾಲದವುಗಳ ನಳಿಗೆಯ ಬುಡದಲ್ಲಿ ಪುಟ್ಟದಾಗಿ ಜೆಎಂ ಅಂತ ಒತ್ತಿರುತ್ತಾರೆ, ಕಂಪನಿ ಶುರು ಮಾಡಿದ ಜಾನ್ ಮಾರ್ಲಿನ್‌ನ ಮುದ್ರೆ. 2007ರ ಕೊನೆಗೆ ರೆಮಿಂಗ್ಟನ್ ಕಂಪನಿ ಮಾರ್ಲಿನ್ ಕೊಳ್ಳುವ ಮಾತು ಮುಗಿಸಿತು, ಆಮೇಲೆ ನಾರ್ತ್ ಹೇವನ್ ಮುಚ್ಚಿ ಕೆಲಸವನ್ನು ನ್ಯೂಯಾರ್ಕ್‌ನ ಇಲಿಯನ್‌ಗೆ ಸಾಗಿಸಿದರು. ದಶಕಗಳಿಂದ ಆ ಯಂತ್ರಗಳ ಮುಂದೆ ನಿಂತಿದ್ದ ಕೈಗಳು ಅಲ್ಲಿಗೆ ಬರಲಿಲ್ಲ. ಮೊದಮೊದಲ ವರ್ಷಗಳ ಮಾಲಿನ ಬಗ್ಗೆ ದೂರು ಎಷ್ಟು ಬಂತು ಅಂದರೆ ಅದಕ್ಕೆ ರೆಮ್ಲಿನ್ ಅಂತ ಅಡ್ಡಹೆಸರೇ ಬಿತ್ತು. 2020ರಲ್ಲಿ ರೆಮಿಂಗ್ಟನ್ ದಿವಾಳಿಯಾದಾಗ ರೂಗರ್ ಕಂಪನಿ ಮಾರ್ಲಿನ್ ಕೊಂಡುಕೊಂಡಿತು. ಈಗ ನಾರ್ತ್ ಕ್ಯಾರೊಲಿನಾದ ಮೇಯೊಡನ್‌ನಲ್ಲಿ ಮಾಡುತ್ತಾರೆ. 336 ವಾಪಸ್ ಬಂದದ್ದು 2023ರಲ್ಲಿ. ನಾನು ಕೈಯಲ್ಲಿ ಹಿಡಿದು ನೋಡಿದ ಹೊಸವೆಲ್ಲ ಚೆನ್ನಾಗಿದ್ದವು, ಮರ ಮತ್ತು ಕಬ್ಬಿಣ ಸೇರುವ ಜಾಗದಲ್ಲಿ ಉಗುರೂ ಹೋಗದಷ್ಟು ಬಿಗಿ.

ಹೆನ್ರಿ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. 1860ರಲ್ಲಿ ಬೆಂಜಮಿನ್ ಟೈಲರ್ ಹೆನ್ರಿ ಮಾಡಿದ, ಕೊಳವೆಯಲ್ಲಿ ಹದಿನಾರು ತೋಟಾ ಹಿಡಿಯುತ್ತಿದ್ದ, ಅಂತರ್ಯುದ್ಧದಲ್ಲಿ ಬಳಸಿದ ಆ ಕೋವಿಗೂ ಈಗಿನ ಹೆನ್ರಿ ಕಂಪನಿಗೂ ಸಂಬಂಧ ಇಲ್ಲ. ಇದು 1996ರಲ್ಲಿ ಬ್ರೂಕ್ಲಿನ್‌ನಲ್ಲಿ ಶುರುವಾದದ್ದು, ಹೆಸರು ಮಾತ್ರ ಹಳೆಯದು. ಹಳೆಯ ಹೆನ್ರಿಯ ವಂಶ ಮುಂದುವರಿದದ್ದು ವಿಂಚೆಸ್ಟರ್‌ನಲ್ಲಿ. ಅದರಿಂದ ಈಗಿನ ಹೆನ್ರಿಗೆ ಅವಮಾನವೇನಿಲ್ಲ. ಪೆಟ್ಟಿಗೆಯಿಂದ ತೆಗೆದ ದಿನವೇ ಲಿವರ್ ಬೆಣ್ಣೆಯಂತೆ ಓಡುವ ಕೋವಿ ಬೇಕಾದರೆ ಇದೇ. ತೋಟಾ ತುಂಬುವುದು ಮುಂದಿನಿಂದ: ಕೊಳವೆಯೊಳಗಿನ ಹಿತ್ತಾಳೆ ನಳಿಕೆಯನ್ನು ಅರ್ಧ ಮೇಲಕ್ಕೆ ಎಳೆದು, ಅಲ್ಲಿರುವ ಕಂಡಿಯಿಂದ ಒಂದೊಂದೇ ಇಳಿಬಿಡಬೇಕು. ನಿಧಾನ. ಆದರೆ ಖಾಲಿ ಮಾಡುವಾಗ ಇದೇ ವರ. ನಳಿಕೆ ಹೊರಗೆಳೆದು ಕೋವಿ ಬಗ್ಗಿಸಿದರೆ ಕೊಳವೆಯಲ್ಲಿದ್ದದ್ದೆಲ್ಲ ಅಂಗೈಗೆ ಸುರಿಯುತ್ತದೆ, ಆಮೇಲೆ ನಳಿಗೆಯಲ್ಲಿ ಒಂದು ಉಳಿದಿದೆಯಾ ಅಂತ ಲಿವರ್ ತೆಗೆದು ನೋಡಿಬಿಟ್ಟರೆ ಆಯಿತು. ಮಾರ್ಲಿನ್, ವಿಂಚೆಸ್ಟರಿನಲ್ಲಿ ಒಂದೊಂದನ್ನೂ ಲಿವರ್ ಆಡಿಸಿಯೇ ತೆಗೆಯಬೇಕು. ಹೊಸ ಮಾದರಿಗಳಲ್ಲಿ ಪಕ್ಕದ ಬಾಗಿಲೂ ಇದೆ, ಎರಡೂ ದಾರಿ ಇರುವಂಥದ್ದನ್ನೇ ಕೇಳಿ. ಹಿತ್ತಾಳೆ ಮೈಯ ಬಿಗ್ ಬಾಯ್ ನೋಡಲು ದೇವಸ್ಥಾನದ ದೀಪದ ಹಾಗೆ ಫಳಫಳ, ತೂಕ ನಾಲ್ಕು ಕಿಲೋ ಹತ್ತಿರ. ನಿಂತು ಹೊಡೆಯುವ ಹೆಂಡತಿಯ ಕೈಗೆ ಕೊಡುವ ಮುಂಚೆ ಯೋಚಿಸಿ. ಉಕ್ಕಿನದು ಹಗುರ.

ಪಕ್ಕದ ಬಾಗಿಲು ಅಂದೆನಲ್ಲ, ಅದರ ಬಗ್ಗೆ ಯಾರೂ ಹೇಳಿಕೊಡುವುದಿಲ್ಲ. ಅದು ಸ್ಪ್ರಿಂಗ್ ಇರುವ ಪುಟ್ಟ ಕಬ್ಬಿಣದ ನಾಲಿಗೆ. ತೋಟಾವನ್ನು ಹೆಬ್ಬೆರಳಿನಿಂದ ಪೂರ್ತಿ ಒಳಗೆ ನೂಕಿ ಬೆರಳು ಹೊರತೆಗೆದರೆ ನಾಲಿಗೆ ಪಟ್ ಅಂತ ಮುಚ್ಚುತ್ತದೆ, ಆಮೇಲೆ ಮುಂದಿನ ತೋಟಾಕ್ಕೆ ಮತ್ತೆ ಅದನ್ನು ಒತ್ತಬೇಕು. ಇಪ್ಪತ್ತು ತೋಟಾ ಆಗುವಷ್ಟರಲ್ಲಿ ಉಗುರಿನ ಪಕ್ಕದ ಚರ್ಮ ಸುಲಿದಿರುತ್ತದೆ. ಉಪಾಯ ಇಷ್ಟೇ. ಪೂರ್ತಿ ನೂಕಬೇಡಿ. ತೋಟಾದ ಹಿಂಬದಿಯ ಅಂಚು ಸ್ವಲ್ಪ ಹೊರಗೆ ಇರುವಾಗಲೇ ನಿಲ್ಲಿಸಿ, ಅದೇ ಬಾಗಿಲನ್ನು ತೆರೆದು ಹಿಡಿದಿರುತ್ತದೆ, ಮುಂದಿನ ತೋಟಾದ ಮೂತಿಯಿಂದ ಅದನ್ನು ಒಳಗೆ ತಳ್ಳಿ. ಕೊನೆಯದನ್ನು ಮಾತ್ರ ಪೂರ್ತಿ ನೂಕಿ.

.357 ಅಂತ ಒಪ್ಪಿಕೊಂಡರೆ ನಿಮ್ಮ ಪಟ್ಟಿಯ ಮೂರರಲ್ಲಿ ಎರಡು, 336 ಮತ್ತು 94, ಹೆಚ್ಚುಕಮ್ಮಿ ಬಿದ್ದುಹೋಗುತ್ತವೆ, ಅದಕ್ಕೇ ತೋಟಾ ಮೊದಲು ಅಂದದ್ದು. ಆಗ ನೋಡಬೇಕಾದದ್ದು ಮಾರ್ಲಿನ್ 1894, ಮಿರೊಕು ಮಾಡುವ ವಿಂಚೆಸ್ಟರ್ 1892, ಹೆನ್ರಿ ಬಿಗ್ ಬಾಯ್, ಮತ್ತೆ ಬ್ರೆಜಿಲ್‌ನ ರೋಸಿ ಆರ್92. ಈ ರೋಸಿ ಬ್ರೌನಿಂಗ್‌ನ 1892ರ ವಿನ್ಯಾಸದ ನಕಲು. ಆ ವಿನ್ಯಾಸ ಬಹಳ ಗಟ್ಟಿ, ಬೋಲ್ಟಿನ ಎರಡೂ ಪಕ್ಕದಲ್ಲಿ ಉಕ್ಕಿನ ಕಂಬಗಳು ಎದ್ದು ಬೀಗ ಹಾಕುತ್ತವೆ. ಹೊಸ ರೋಸಿ ಒರಟಾಗಿರುತ್ತದೆ, ಬಾಗಿಲಿನ ಅಂಚು ಚೂಪು, ಸ್ಪ್ರಿಂಗ್ ಬಿಗಿ. ಮುನ್ನೂರು ನಾನ್ನೂರು ಈಡು ಆದ ಮೇಲೆ ತಾನೇ ಹದಕ್ಕೆ ಬರುತ್ತದೆ. ಬೆಲೆ ಉಳಿದವಕ್ಕಿಂತ ಬಹಳ ಕಮ್ಮಿ. ಇಟಲಿಯ ಉಬರ್ಟಿ ಮಾಡುವ 1873ರ ನಕಲು ಇನ್ನೂ ಒಂದು ಲೋಕ. ಕೌಬಾಯ್ ಸ್ಪರ್ಧೆಯವರು ಅದರ ಹಿಂದೆಯೇ ಬಿದ್ದಿರುವುದು ಅದರ ಲಿವರ್ ಅಷ್ಟು ನುಣುಪು ಅಂತ, ಹತ್ತು ಈಡು ಹೊಡೆದು ಮುಗಿಸುವುದನ್ನು ನೋಡುತ್ತಿದ್ದರೆ ಕಣ್ಣಿಗೆ ಲೆಕ್ಕ ಸಿಗುವುದಿಲ್ಲ. ಬೀಗ ಮಾತ್ರ 1892ರಷ್ಟು ಗಟ್ಟಿ ಅಲ್ಲ. .38ಗೆ ಚಿನ್ನ. ಯಾವುದೇ ಆಗಲಿ, ಕೊಳ್ಳುವ ಮುಂಚೆ .38 ಚೆನ್ನಾಗಿ ಓಡುತ್ತದಾ ಅಂತ ಅಂಗಡಿಯವರನ್ನು ಕೇಳಿ, ಕೆಲವು ಕೋವಿಗಳಿಗೆ ಗಿಡ್ಡ ತೋಟಾ ಹಿಡಿಸುವುದಿಲ್ಲ.

ಚೂಪು ಗುಂಡು, ದೂರದ ಹೊಡೆತ ಅಂತ ಮುಂದೆ ಆಸೆ ಹುಟ್ಟಿದರೆ ಕೊಳವೆ ಇಲ್ಲದ ಲಿವರ್ ಕೋವಿಗಳೂ ಇವೆ. ಸ್ಯಾವೇಜ್ 99ರ ಒಳಗೆ ತಿರುಗುವ ಚಕ್ರದಲ್ಲಿ ತೋಟಾ ಕೂರುತ್ತದೆ, ಎಷ್ಟು ಉಳಿದಿದೆ ಅಂತ ಹಳೆಯ ಮಾದರಿಗಳ ಪಕ್ಕದ ಕಿಂಡಿಯಲ್ಲಿ ಅಂಕಿ ಕಾಣುತ್ತದೆ. ಈಗ ಅದನ್ನು ಮಾಡುವುದಿಲ್ಲ. ಬ್ರೌನಿಂಗ್ ಬಿಎಲ್ಆರ್‌ಗೆ ಪೆಟ್ಟಿಗೆ ಮ್ಯಾಗಜೀನ್, .308 ಕೂಡ ಸಿಗುತ್ತದೆ. ವಿಂಚೆಸ್ಟರ್ 1895 ಕೂಡ ಪೆಟ್ಟಿಗೆಯದೇ. ಮೊದಲ ಮಹಾಯುದ್ಧದಲ್ಲಿ ರಷ್ಯಾ ಸೈನ್ಯ ಅದನ್ನು ಸುಮಾರು ಮೂರು ಲಕ್ಷ ತರಿಸಿಕೊಂಡಿತ್ತು. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ಕೈಯಲ್ಲಿ ಇದ್ದದ್ದು .405 ವಿಂಚೆಸ್ಟರ್, ಅದು ಈ 1895ಗಾಗಿ ಬಂದ ತೋಟಾ. ನಮ್ಮ ಮಲೆನಾಡಿನಲ್ಲಿ ಕೇಪಿನ ಕೋವಿ, ತೋಟಾ ಕೋವಿ ಎರಡನ್ನೇ ನೋಡಿ ಬೆಳೆದವರಿಗೂ ಲಿವರ್ ಕೋವಿ ಅನ್ನುವುದು ಎಲ್ಲೋ ಕೇಳಿದಂತಿದೆ ಅನ್ನಿಸಿದರೆ ಬಹುಶಃ ಅದೇ ಕಾರಣ.

ಇನ್ನು ಕಾಗದಪತ್ರ. ಗ್ರೀನ್ ಕಾರ್ಡ್ ಇರುವವರಿಗೆ ಕೊಳ್ಳಲು ಅಡ್ಡಿಯಿಲ್ಲ. ಅಂಗಡಿಯಲ್ಲಿ 4473 ಅನ್ನುವ ಫಾರಂ ತುಂಬಬೇಕು, ಅದರಲ್ಲಿ ಕಾರ್ಡಿನ ನಂಬರ್ ಕೇಳುತ್ತಾರೆ, ಹಿನ್ನೆಲೆ ತಪಾಸಣೆ ಆಗುತ್ತದೆ. ನಿಮ್ಮ ಹೆಂಡತಿಗೂ ಕಾರ್ಡ್ ಬಂದಿದೆ ತಾನೇ? ಕೇಳಿದ್ದಕ್ಕೆ ಬೇಜಾರಾಗಬೇಡಿ. ಎಚ್-1ಬಿ, ಎಚ್-4, ವಿದ್ಯಾರ್ಥಿ ವೀಸಾ ಮೇಲೆ ಇರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವ ಹಾಗಿಲ್ಲ ಅಂತ ಕೇಂದ್ರದ ಕಾನೂನೇ ಇದೆ, ರೇಂಜಿನಲ್ಲಿ ಬಾಡಿಗೆಗೆ ಹಿಡಿಯುವುದೂ ಅದರೊಳಗೇ ಬರುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದರೆ ವಿನಾಯಿತಿ ಇದೆ. ನಮ್ಮವರು ಬಹಳ ಜನ ಇದು ಗೊತ್ತಿಲ್ಲದೆ ಆಫೀಸಿನವರ ಜೊತೆ ಸುಮ್ನೆ ಮೋಜಿಗೆ ಅಂತ ರೇಂಜಿಗೆ ಹೋಗಿ ಫೋಟೊ ಹಾಕಿಕೊಳ್ಳುತ್ತಾರೆ. ಇನ್ನು ಕಾರ್ಡ್ ಇಲ್ಲದ ಸ್ನೇಹಿತನಿಗಾಗಿ ನೀವು ಕೊಂಡುಕೊಡುವುದಂತೂ ನೇರ ಅಪರಾಧ. ಟೆಕ್ಸಾಸ್‌ನಲ್ಲಿ ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆ ಇದ್ದರೆ ಹಂದಿಗೆ 2019ರಿಂದ ಪರವಾನಗಿ ಬೇಕಿಲ್ಲ. ಜಿಂಕೆಗೆ ಬೇಕು.

ಕುದುರೆ ಇಳಿಸುವುದನ್ನು ಮೊದಲ ದಿನವೇ ಕಲಿಯಿರಿ. ಲಿವರ್ ಆಡಿಸಿದ ಕೂಡಲೇ ಕುದುರೆ ಏರಿ ನಿಂತಿರುತ್ತದೆ, ಹಂದಿ ಹೋಗಿಬಿಟ್ಟಿತು, ಹೊಡೆಯುವುದು ಬೇಡ, ಆಗ ಹೆಬ್ಬೆರಳಲ್ಲಿ ಕುದುರೆ ಹಿಡಿದು, ಟ್ರಿಗರ್ ಒತ್ತಿ, ಮೆಲ್ಲಗೆ ಇಳಿಸಿ, ಅರ್ಧಕ್ಕೆ ನಿಲ್ಲಿಸಬೇಕು. ಒಂದು ಡಿಸೆಂಬರ್ ಬೆಳಿಗ್ಗೆ ಕೈಗವಸು ಹಾಕಿಕೊಂಡು ಇದನ್ನೇ ಮಾಡುತ್ತಿದ್ದೆ, ಹೆಬ್ಬೆರಳು ಜಾರಿತು. ಗುಂಡು ನನ್ನ ಮುಂದೆ ಹತ್ತು ಅಡಿ ದೂರದ ಮಣ್ಣಿಗೆ ಹೋಯಿತು. ಜೊತೆಗಿದ್ದವರು ಏನೂ ಮಾತಾಡಲಿಲ್ಲ, ಅದೇ ಹೆಚ್ಚು ನಾಚಿಕೆ ಆಗಿದ್ದು. ಅವತ್ತು ನಳಿಗೆಯ ಬಾಯಿ ನೆಲದ ಕಡೆ ಇತ್ತು, ಅಷ್ಟೇ ನನ್ನ ಪುಣ್ಯ. ಅವತ್ತಿಂದ ಕುದುರೆ ಇಳಿಸುವಾಗ ಗವಸು ತೆಗೆಯುತ್ತೇನೆ. ಖಾಲಿ ಕೋವಿಯಲ್ಲಿ ಮನೆಯಲ್ಲಿ ನೂರು ಸಲ ಅಭ್ಯಾಸ ಮಾಡಿ. ಲಿವರನ್ನೂ ಹಾಗೆಯೇ, ಮುಂದಕ್ಕೆ ಕೊನೆಯವರೆಗೂ ತಳ್ಳಬೇಕು, ಅಂಜಿಕೊಂಡು ಅರ್ಧಕ್ಕೆ ವಾಪಸ್ ಎಳೆದರೆ ತೋಟಾ ಸಿಕ್ಕಿಹಾಕಿಕೊಳ್ಳುತ್ತದೆ. ಕೋವಿ ಕೆಟ್ಟಿದೆ ಅಂತ ತಂದವರ ಕೋವಿಗಳಲ್ಲಿ ಬಹಳಷ್ಟಕ್ಕೆ ಇದೇ ಕಾಯಿಲೆ ಇತ್ತು.

ಸ್ಕೋಪ್ ಈಗಲೇ ಬೇಡ. ರಿಸೀವರಿನ ಹಿಂದೆ ಕೂರುವ ಸಣ್ಣ ತೂತಿನ ಗುರಿಕಣ್ಣು ಬರುತ್ತದೆ, ಪೀಪ್ ಸೈಟ್ ಅನ್ನುತ್ತಾರೆ. ತೂತಿನ ಮೂಲಕ ನೋಡಿದರೆ ಸಾಕು, ಕಣ್ಣು ತಾನೇ ಮಧ್ಯ ಹುಡುಕಿಕೊಳ್ಳುತ್ತದೆ. ನೂರು ಗಜಕ್ಕೆ ಅದು ಧಾರಾಳ. ಸಂಜೆ ಮಬ್ಬಿನಲ್ಲಿ ಹಂದಿ ಕಾಯುವುದು ಜಾಸ್ತಿಯಾದರೆ ಆಮೇಲೆ ಕಡಿಮೆ ಪವರಿನ ಸ್ಕೋಪ್ ಹಾಕಿಕೊಳ್ಳಿ.

ಕೊನೆಗೆ ಗಿರವಿ ಅಂಗಡಿಯ ಆ 336. 1973ರಿಂದ ಮಾರ್ಲಿನ್‌ನವರು ಸೀರಿಯಲ್ ನಂಬರಿನ ಮೊದಲ ಎರಡು ಅಂಕಿಯಲ್ಲಿ ವರ್ಷ ಬಚ್ಚಿಡುತ್ತಿದ್ದರು. 100ರಿಂದ ಕಳೆಯಿರಿ. 22 ಕಳೆದರೆ 78. ಅಂದರೆ 1978ರ ಕೋವಿ, ನಾರ್ತ್ ಹೇವನ್‌ದು, ಜೆಎಂ ಮುದ್ರೆ ಇರಬೇಕು. ಪಕ್ಕದಲ್ಲಿ ಗುಂಡಿಯಂಥ ಸೇಫ್ಟಿ ಸೇರಿಸುವುದಕ್ಕೂ ಮುಂಚಿನದು. ಮರ ಆಕ್ರೋಟು, ಹಿಂಬದಿಯ ಹಿಡಿಯ ತಳದಲ್ಲಿ ಕಪ್ಪು ಬಿಳುಪಿನ ಪುಟ್ಟ ಬೊಟ್ಟು ಇರುತ್ತದೆ, ಅದು ಮಾರ್ಲಿನ್ ಗುರುತು. ಇದನ್ನು ಓದಿ ನನಗೇ ಜೊಲ್ಲು ಸುರಿಯಿತು ಅಂತ ಒಪ್ಪಿಕೊಳ್ಳುತ್ತೇನೆ.

ನಿಮ್ಮ ಬಳಕೆಗೆ ನನ್ನ ಮಾತು .357 ಅಂತಲೇ. ಆದರೆ 1,300ರಲ್ಲಿ 650 ಇದಕ್ಕೆ ಹೋದರೂ ಉಳಿದದ್ದರಲ್ಲಿ ಒಂದು ರೋಸಿ .357 ಹೆಚ್ಚುಕಮ್ಮಿ ಬರುತ್ತದೆ. ರೇಂಜಿಗೆ ಅದು, ಹಂದಿಗೆ ಇದು. ಹಾಗಾಗಿ ಹೋಗಿ ನೋಡಿ ಬನ್ನಿ. ಅಂಗಡಿಯವರನ್ನು ಕೇಳಿ, ಖಾಲಿ ಇದೆ ಅಂತ ನಿಮ್ಮ ಕಣ್ಣಲ್ಲೇ ನೋಡಿ, ಲಿವರ್ ಹತ್ತು ಸಲ ಆಡಿಸಿ. ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ ಯಾರೋ ಅಡುಗೆಮನೆಯ ಚಾಕುವಿನಲ್ಲಿ ಬಿಚ್ಚಿದ್ದಾರೆ ಅಂತ ಅರ್ಥ, ಬೆಲೆ ಇಳಿಸಿ ಕೇಳಿ. ಟಾರ್ಚ್ ಒಯ್ಯಿರಿ, ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ. ಆ ಕಾಲದ ಮಾರ್ಲಿನ್ ನಳಿಗೆಯಲ್ಲಿ ಗುಂಡನ್ನು ತಿರುಗಿಸುವ ಗೆರೆಗಳು ಹನ್ನೆರಡು, ತೆಳುವಾಗಿರುತ್ತವೆ, ಸವೆದಿವೆ ಅಂತ ಮೋಸ ಹೋಗಬೇಡಿ. ಹೊಳೆಯುತ್ತಿದ್ದರೆ ಸಾಕು, ಹುಳ ತಿಂದಂತೆ ಗುಳಿ ಇದ್ದರೆ ಬೇಡ.

ಒಂದು ಕಾಯಿಲೆ ಮಾತ್ರ ಮಾರ್ಲಿನ್‌ಗೇ ವಿಶೇಷ. ಮೇಲೆ ತೊಟ್ಟಿಲು ಅಂದೆನಲ್ಲ, ಲಿವರಿನ ಮೂಲೆಯ ಚೂಪು ಅಂಚು ಅದರ ಅಡಿಯನ್ನು ವರ್ಷಗಟ್ಟಲೆ ಉಜ್ಜಿ ಉಜ್ಜಿ ಗೀರು ಕೊರೆಯುತ್ತದೆ. ಗೀರು ಆಳವಾದಷ್ಟೂ ತೊಟ್ಟಿಲು ತಗ್ಗುತ್ತದೆ, ಒಂದು ದಿನ ಒಂದರ ಬದಲು ಒಂದೂಕಾಲು ತೋಟಾ ಒಳಗೆ ಬಂದು ಎಲ್ಲ ಗಟ್ಟಿಯಾಗಿ ನಿಂತುಬಿಡುತ್ತದೆ. ಇದಕ್ಕೆ ಮಾರ್ಲಿನ್ ಜಾಮ್ ಅಂತಲೇ ಹೆಸರು. ಅಂಚನ್ನು ನಯ ಮಾಡಿ, ತೊಟ್ಟಿಲು ಬದಲಾಯಿಸಿದರೆ ಸರಿಹೋಗುತ್ತದೆ, ದೊಡ್ಡ ಖರ್ಚಲ್ಲ. ಕೊಳ್ಳುವ ಮುಂಚೆ ಗೊತ್ತಿರಬೇಕು, ಅಷ್ಟೇ. ನೋಡುವುದು ಹೇಗೆ ಅಂದರೆ ಆ ಒಂದು ಸ್ಕ್ರೂ. ಸರಿಯಾದ ಅಳತೆಯ ಸ್ಕ್ರೂಡ್ರೈವರ್ ಜೇಬಿನಲ್ಲಿಟ್ಟುಕೊಂಡು ಹೋಗಿ, ಲಿವರ್ ತೆಗೆದು ಅದರ ಅಂಚು, ತೊಟ್ಟಿಲು ಎರಡನ್ನೂ ನೋಡಬಹುದಾ ಅಂತ ಕೇಳಿ. ಅಂಗಡಿಯವರು ಒಪ್ಪಿದರೆ, ಉಗುರು ಸಿಕ್ಕಿಹಾಕಿಕೊಳ್ಳುವಷ್ಟು ಗೀರು ಇಲ್ಲದಿದ್ದರೆ, 600 ಅಂತ ಕೇಳಿ ನೋಡಿ, 650ಕ್ಕೇ ನಿಂತರೂ ತಗೊಂಡು ಬನ್ನಿ.